ಪಾಡೆಲ್ಲ ಹಾಡಾಗಬೇಕೆ?

(ಕಥೆ ಮತ್ತು ಅನಿಮೇಷನ್ ಬಗ್ಗೆ ಆಸಕ್ತಿ ಇರುವ ಒಂದು ಸಣ್ಣ ಗುಂಪಿನ ಮುಂದೆ ಆಡಿದ ಮಾತುಗಳ ಬರಹ ರೂಪ ಇದು. ಹೇಳಿದ್ದನ್ನೇ ಮತ್ತೆ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಒಂದೆರಡಕ್ಕೆ ಕೊಟ್ಟ ಉತ್ತರವನ್ನು ಮಾತಿನ ನಡುವೆಯೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹಳಗನ್ನಡದಲ್ಲಿ ‘ಪಾಡು’ ಅಂದರೆ ಹಾಡು. ಪಕಾರ ಹಕಾರವಾಗಿ ಅದು ನಮ್ಮ ಕಾಲಕ್ಕೆ ‘ಹಾಡು’ ಆಯಿತು. ಆದರೆ ‘ಪಾಡು’ ಅನ್ನುವ ರೂಪ ಭಾಷೆಯಿಂದ ಹೋಗಲಿಲ್ಲ. ಪಟ್ಟ ಕಷ್ಟ, ಬಂದ ಅವಸ್ಥೆ ಅನ್ನುವ ಅರ್ಥದಲ್ಲಿ ದಿನವೂ ಬಳಸುತ್ತೇವೆ. ‘ಅವಳ ಪಾಡು ಯಾರಿಗೂ ಬೇಡ’ ಅನ್ನುತ್ತೇವೆ. ಎರಡು ಮಾತುಗಳೂ ಹೀಗೆ ಪಕ್ಕಪಕ್ಕದಲ್ಲೇ ಇರುವುದರಿಂದ ಕನ್ನಡದಲ್ಲಿ ಬರೆಯುವವರ ಮನಸ್ಸಿನಲ್ಲಿ ಒಂದು ನಂಬಿಕೆ ಕೂತುಬಿಟ್ಟಿದೆ: ಪಟ್ಟ ಪಾಡು ಹಾಡಾಗಬೇಕು, ನೋವುಂಡವರು ಆ ನೋವನ್ನು ಕಥೆಯಾಗಿಯೋ ಕವಿತೆಯಾಗಿಯೋ ಮಾಡಿ ಕೊಡಬೇಕು. ಕೇಳಲು ಎಷ್ಟು ಚೆನ್ನಾಗಿದೆ. ಬಹಳ ವರ್ಷ ನಾನೂ ಅದನ್ನೇ ನಂಬಿದ್ದೆ.

ಹಾಗಾಗದಿದ್ದರೆ? ಪಾಡು ಹಾಡಾಗಲು ಒಪ್ಪದೆ ಬರೀ ಪಾಡಾಗಿಯೇ ಉಳಿದುಬಿಟ್ಟರೆ, ಅದನ್ನು ಉಂಡವರು ಏನು ಮಾಡಬೇಕು? ಈ ಪ್ರಶ್ನೆಯನ್ನು ನನ್ನ ಮುಂದೆ ಇಟ್ಟವಳು ಒಂದು ಕಾರ್ಟೂನಿನ ಹೆಂಗಸು. ಹೆಸರು ಡಯಾನ್ ನುಯೆನ್. ಇವತ್ತಿನ ಮಾತು ಅವಳ ಬಗ್ಗೆ.

ನೋಡಿರದವರಿಗಾಗಿ ಎರಡು ಮಾತು. ‘ಬೋಜ್ಯಾಕ್ ಹಾರ್ಸ್‌ಮನ್’ ದೊಡ್ಡವರಿಗಾಗಿ ಮಾಡಿದ ಅನಿಮೇಷನ್ ಸರಣಿ. ನೆಟ್‌ಫ್ಲಿಕ್ಸ್‌ನಲ್ಲಿ 2014ರ ಆಗಸ್ಟ್‌ನಿಂದ 2020ರ ಜನವರಿವರೆಗೆ ಬಂತು. ಒಟ್ಟು 6 ಸೀಸನ್. ಸೃಷ್ಟಿಕರ್ತ ರಾಫೆಲ್ ಬಾಬ್-ವಾಕ್ಸ್‌ಬರ್ಗ್, ಪಾತ್ರಗಳ ಚಹರೆ ಮತ್ತು ಆ ಲೋಕದ ಬಣ್ಣಗಳನ್ನು ರೂಪಿಸಿದವರು ಲೀಸಾ ಹನವಾಲ್ಟ್. ಮನುಷ್ಯರೂ ಮನುಷ್ಯರಂತೆ ಬಾಳುವ ಪ್ರಾಣಿಗಳೂ ಒಂದೇ ಊರಲ್ಲಿ ಇರುವ ಲೋಕ ಅದು. ಬೋಜ್ಯಾಕ್ ಒಂದು ಕುದುರೆ. ತೊಂಬತ್ತರ ದಶಕದ ಟಿವಿ ಹಾಸ್ಯ ಧಾರಾವಾಹಿಯೊಂದರ ಮಾಜಿ ತಾರೆ, ಈಗ ಕುಡಿತ ಮತ್ತು ಆತ್ಮಮರುಕದಲ್ಲಿ ಮುಳುಗಿದವನು. ಅವನ ಆತ್ಮಕಥೆಯನ್ನು ಅವನ ಪರವಾಗಿ ಬರೆದುಕೊಡಲು ಬರುವ ಲೇಖಕಿಯೇ ಡಯಾನ್. ಬಾಸ್ಟನ್‌ನಲ್ಲಿ ಬೆಳೆದ ವಿಯೆಟ್ನಾಂ ಮೂಲದ ಅಮೆರಿಕನ್. ಕನ್ನಡಕ, ಹಸಿರು ಜಾಕೆಟ್, ಸದಾ ಏನನ್ನೋ ಗಮನಿಸುತ್ತಿರುವ ಕಣ್ಣು.

ಕಥೆ ಕುದುರೆಯದು, ಡಯಾನ್ ಪೋಷಕ ಪಾತ್ರ. ಅವಳು ಬೆಳೆಯಲೇಬೇಕೆಂಬ ಒತ್ತಾಯ ಕಥೆಗೆ ಇರಲಿಲ್ಲ. ಅದರಲ್ಲೂ ಅನಿಮೇಷನ್‌ನಲ್ಲಿ. ಈ ಪ್ರಕಾರದಲ್ಲಿ ಪೋಷಕ ಪಾತ್ರಗಳು ಇದ್ದ ಹಾಗೇ ಇರುವುದು ರೂಢಿ. ‘ದಿ ಸಿಂಪ್ಸನ್ಸ್’ 1989ರಲ್ಲಿ ಶುರುವಾಯಿತು. ಆ ಅನಿಮೇಷನ್ ಸರಣಿಯ ಹುಡುಗ ಬಾರ್ಟ್‌ಗೆ ಇವತ್ತಿಗೂ ಹತ್ತೇ ವರ್ಷ. ಒಂದು ಕಂತಿನಲ್ಲಿ ಮನೆ ಸುಟ್ಟುಹೋದರೂ ಮುಂದಿನ ಕಂತಿನಲ್ಲಿ ಗೋಡೆ, ಸೋಫಾ, ಬಟ್ಟೆ ಎಲ್ಲ ಮೊದಲಿನಂತೆಯೇ ಇರುತ್ತದೆ. ಅದರಲ್ಲೊಂದು ಸುಖವೂ ಇದೆ, ನಾನು ಅಲ್ಲಗಳೆಯುವುದಿಲ್ಲ. ನಿನ್ನೆ ಬಿಟ್ಟುಬಂದ ಮನೆ ನಿನ್ನೆಯಂತೆಯೇ ಇದೆ ಅನ್ನುವ ಸುಖ.

ಬೋಜ್ಯಾಕ್ ಸರಣಿ ಆ ಸುಖವನ್ನು ಬೇಗನೇ ಕಸಿದುಕೊಳ್ಳುತ್ತದೆ. ಮೊದಲ ಸೀಸನ್ನಿನ ಆರನೇ ಕಂತಿನಲ್ಲಿ ಬೋಜ್ಯಾಕ್ ಕುಡಿದ ಮತ್ತಿನಲ್ಲಿ ಬೆಟ್ಟದ ಮೇಲಿನ ಹಾಲಿವುಡ್ ಫಲಕದ ‘ಡಿ’ ಅಕ್ಷರವನ್ನು ಕದ್ದು ತರುತ್ತಾನೆ. ಡಿ ಅಂದರೆ ಡಯಾನ್. ಅವಳನ್ನು ಮೆಚ್ಚಿಸಲು ಮಾಡಿದ ಹುಚ್ಚಾಟ. ಆ ಅಕ್ಷರ ವಾಪಸ್ ಹೋಗುವುದೇ ಇಲ್ಲ. ಊರಿನ ಹೆಸರು ಅಂದಿನಿಂದ ‘ಹಾಲಿವೂ’. ಜನ ಹಾಗೇ ಕರೆಯುತ್ತಾರೆ, ಬೋರ್ಡುಗಳೂ ಹಾಗೇ ಬದಲಾಗುತ್ತವೆ. ಕೊನೆಯ ಸೀಸನ್ನಿನಲ್ಲಿ ಆ ಜಾಗಕ್ಕೆ ಒಂದು ಅಕ್ಷರ ಬರುತ್ತದೆ, ಅದೂ ತಪ್ಪಾಗಿ ‘ಬಿ’. ಈ ಲೋಕದಲ್ಲಿ ಮಾಡಿದ್ದು ಅಳಿಸಿಹೋಗುವುದಿಲ್ಲ ಎಂದು ಸರಣಿ ಮೊದಲು ಹೇಳಿದ್ದು ಡಯಾನ್‌ಳ ಹೆಸರಿನ ಅಕ್ಷರದಿಂದ. ಎರಡನೇ ಸಲ ನೋಡುವಾಗ ಇದು ಹೊಳೆದು ನಾನು ಎದ್ದು ಕೂತಿದ್ದೆ.

ಈಗ ಡಯಾನ್ ಎಲ್ಲಿಂದ ಹೊರಟಳು ನೋಡೋಣ. ಮೊದಲ ಸೀಸನ್ನಿನಲ್ಲೇ ಅವಳ ತಂದೆ ತೀರಿಕೊಳ್ಳುತ್ತಾನೆ, ಅವಳು ಬಾಸ್ಟನ್‌ಗೆ ಹೋಗುತ್ತಾಳೆ. ಅಲ್ಲಿ ಒಡಹುಟ್ಟಿದವರು ಸೋಫಾ ಬಿಟ್ಟು ಏಳುವುದಿಲ್ಲ, ಅಂತ್ಯಕ್ರಿಯೆಯ ಹೊಣೆಯೆಲ್ಲ ಇವಳ ತಲೆಗೆ. ಅವಳನ್ನು ಗೇಲಿ ಮಾಡುವುದೇ ಆ ಮನೆಯ ಮನರಂಜನೆ. ಇಂಥ ಮನೆಯಲ್ಲಿ ಬೆಳೆದ ಓದುವ ಹುಡುಗಿಯರನ್ನು ನಾವೆಲ್ಲ ಬಲ್ಲೆವು. ಅವರು ಒಂದು ಲೆಕ್ಕ ಇಟ್ಟುಕೊಳ್ಳುತ್ತಾರೆ. ‘ಇದೆಲ್ಲ ಆಗುತ್ತಿರುವುದು ಸುಮ್ಮನೆ ಅಲ್ಲ, ಒಂದು ದಿನ ಇದನ್ನೆಲ್ಲ ಬರೆಯುತ್ತೇನೆ, ಆಗ ಇದಕ್ಕೊಂದು ಅರ್ಥ ಬರುತ್ತದೆ’ ಅನ್ನುವ ಲೆಕ್ಕ. ಆ ವಯಸ್ಸಿನಲ್ಲಿ ಬದುಕಿ ಉಳಿಯಲು ಅದು ಬೇಕು. ಆದರೆ ಅದೇ ಲೆಕ್ಕ ಮೂವತ್ತೈದರ ಮೇಲೂ ಬೆನ್ನು ಬಿಡದಿದ್ದರೆ ಸಾಲವಾಗುತ್ತದೆ.

ಅವಳಿಗೆ ಹೆಸರು ತಂದುಕೊಟ್ಟ ಪುಸ್ತಕ ಬೋಜ್ಯಾಕ್‌ನ ಜೀವನಕಥೆ. ಅವನು ಹೊಗಳಿಕೆ ಬಯಸಿದ್ದ, ಅವಳು ನಿಜ ಬರೆದಳು, ಅದು ಗೆದ್ದಿತು. ಬೇರೆಯವರ ಗಾಯದ ಮುಂದೆ ಕೂತಾಗ ಅವಳ ಕಣ್ಣು ಎಷ್ಟು ಚುರುಕು, ವಾಕ್ಯ ಎಷ್ಟು ನೇರ! ಮೊದಲ ಸೀಸನ್ನಿನ ಕೊನೆಗೆ ಬೋಜ್ಯಾಕ್ ತುಂಬಿದ ಸಭೆಯಲ್ಲಿ ಎದ್ದು ನಿಂತು ‘ನಾನು ಆಳದಲ್ಲಿ ಒಳ್ಳೆಯವನು ಎಂದು ಹೇಳು’ ಎಂದು ಅವಳನ್ನು ಅಂಗಲಾಚುತ್ತಾನೆ. ಆಗ ಅವಳಿಂದ ಮಾತು ಹೊರಡುವುದಿಲ್ಲ. ಮುಂದಿನ ಕಂತಿನಲ್ಲಿ ಉತ್ತರ ಕೊಡುತ್ತಾಳೆ: ಆಳದಲ್ಲಿ ಅನ್ನುವುದನ್ನು ತಾನು ನಂಬುವುದಿಲ್ಲ, ನಾವು ಮಾಡುವ ಕೆಲಸಗಳೇ ನಾವು. ಇಂಥ ಸ್ಪಷ್ಟತೆ ಅವಳಿಗೆ ತನ್ನ ಬಗ್ಗೆ ಬರಲು ಇನ್ನೂ ಐದು ಸೀಸನ್ ಬೇಕಾಯಿತು.

ಎರಡನೇ ಸೀಸನ್ನಿನಲ್ಲಿ ಅವಳು ಕಾರ್ಡೋವಿಯಾ ಎಂಬ ಕಾಲ್ಪನಿಕ ಯುದ್ಧಪೀಡಿತ ದೇಶಕ್ಕೆ ಹೋಗುತ್ತಾಳೆ, ಅಲ್ಲಿನ ಸಂಕಟವನ್ನು ಬರೆದು ಜಗತ್ತಿಗೆ ಉಪಯೋಗವಾಗಬೇಕೆಂಬ ಆಸೆಯಿಂದ. ತಡೆಯಲಾಗದೆ ವಾಪಸ್ ಬರುತ್ತಾಳೆ. ಬಂದವಳು ಗಂಡನ ಮನೆಗೆ ಹೋಗದೆ ಬೋಜ್ಯಾಕ್‌ನ ಮನೆಯಲ್ಲಿ ಅಡಗಿ ಕೂರುತ್ತಾಳೆ. ಕುಡಿಯುತ್ತಾ, ಗಂಡನಿಗೆ ಇನ್ನೂ ಅಲ್ಲೇ ಇದ್ದೇನೆ ಎಂದು ಫೋನಿನಲ್ಲಿ ಸುಳ್ಳು ಹೇಳುತ್ತಾ. ಅವಳ ಮೇಲೆ ಸಿಟ್ಟು ಬರುವ ಭಾಗ ಇದು. ನನಗೂ ಬಂದಿತ್ತು. ಈಗ ನೋಡಿದರೆ ಅಲ್ಲಿ ಕಾಣುವುದು, ಕಷ್ಟ ಎಲ್ಲಿ ದೊಡ್ಡದೋ ಅರ್ಥವೂ ಅಲ್ಲೇ ಇರಬೇಕು ಎಂದುಕೊಂಡು ಹೋದವಳ ಕೈ ಬರಿದಾದದ್ದು.

ಮದುವೆಯ ವಿಷಯ. ಗಂಡ ಮಿಸ್ಟರ್ ಪೀನಟ್‌ಬಟರ್ ಒಂದು ಲ್ಯಾಬ್ರಡಾರ್ ನಾಯಿ. ಸದಾ ಸಂತೋಷ, ಸದಾ ಅಬ್ಬರ, ಪ್ರೀತಿಯಲ್ಲಿ ಕಲಬೆರಕೆಯಿಲ್ಲ. ನಾಲ್ಕನೇ ಸೀಸನ್ನಿನ ಕೊನೆಯಲ್ಲಿ ಅವನು ಅವಳಿಗಾಗಿ ಮನೆಯೊಳಗೆ ಒಂದು ದೊಡ್ಡ ಗ್ರಂಥಾಲಯವನ್ನೇ ಕಟ್ಟಿಸಿರುತ್ತಾನೆ. ಅವಳು ಯಾವತ್ತೋ ಹೇಳಿಕೊಂಡ ಬಾಲ್ಯದ ಕನಸು ಅದು. ಬಾಗಿಲು ತೆರೆದು ತೋರಿಸುತ್ತಾನೆ. ಅವಳು ಅಳಲು ಶುರುಮಾಡುತ್ತಾಳೆ. ಕನಸನ್ನು ಕನಸಾಗಿ ಹೇಳಿಕೊಂಡದ್ದು ಬೇರೆ, ಅದನ್ನು ಗಾರೆ-ಮರದಲ್ಲಿ ಕಟ್ಟಿ ಎದುರಿಗೆ ನಿಲ್ಲಿಸುವುದು ಬೇರೆ ಎಂದು ಅವನಿಗೆ ಯಾಕೆ ತಿಳಿಯುವುದಿಲ್ಲ ಎಂದು ಜಗಳವಾಗುತ್ತದೆ. ಆಮೇಲೆ ಅವಳು ಸಮಾಧಾನದಿಂದ ಒಂದು ಹೋಲಿಕೆ ಕೊಡುತ್ತಾಳೆ. ಕಣ್ಣು ಕಿರಿದು ಮಾಡಿ ನೋಡಿದಾಗ ಮಾತ್ರ ಒಳಗಿನ ಆಕಾರ ಕಾಣುವ ಚಿತ್ರಗಳಿರುತ್ತವಲ್ಲ, ಹಾಗಿದೆಯಂತೆ ಈ ಮದುವೆ. ಸರಿಯಾಗಿ ನೋಡಿದರೆ ಬಲು ಸುಂದರ, ಆದರೆ ಕಣ್ಣು ಕಿರಿದು ಮಾಡಿ ಮಾಡಿ ಸಾಕಾಗಿದೆ. ಸೀಸನ್ನಿನಲ್ಲಿ ಅವಳ ಭಾಗ ಅಲ್ಲಿಗೆ ನಿಲ್ಲುತ್ತದೆ. ಕೆಟ್ಟವರು ಯಾರೂ ಇಲ್ಲದ ವಿಚ್ಛೇದನವನ್ನು ಇಷ್ಟು ಮರ್ಯಾದೆಯಿಂದ ಬರೆದದ್ದನ್ನು ನಾನು ನೋಡಿದ್ದು ಕಡಿಮೆ.

ಇಲ್ಲಿ ಒಂದು ವಿಷಯ ಹೇಳದೆ ಮುಂದೆ ಹೋಗಲಾರೆ. ಡಯಾನ್‌ಗೆ ದನಿ ಕೊಟ್ಟವರು ಆಲಿಸನ್ ಬ್ರೀ. ಅವರು ಬಿಳಿಯ ಅಮೆರಿಕನ್. ವಿಯೆಟ್ನಾಂ ಮೂಲದ ಪಾತ್ರಕ್ಕೆ ಆ ಸಮುದಾಯದ ನಟಿಯನ್ನು ತೆಗೆದುಕೊಳ್ಳಬೇಕಿತ್ತು ಎಂದು ಸೃಷ್ಟಿಕರ್ತರೂ ಒಪ್ಪಿಕೊಂಡರು, 2020ರ ಜೂನ್‌ನಲ್ಲಿ ಬ್ರೀ ತಾವೇ ಬಹಿರಂಗವಾಗಿ ವಿಷಾದ ವ್ಯಕ್ತಪಡಿಸಿದರು. ಈ ತಪ್ಪಿನ ಗುರುತು ಬರವಣಿಗೆಯಲ್ಲೂ ಇದೆ. ಮೊದಲ ಸೀಸನ್‌ಗಳಲ್ಲಿ ಡಯಾನ್‌ಳ ಹಿನ್ನೆಲೆ ಹೆಸರಿಗೆ ಮಾತ್ರ ಇರುತ್ತದೆ. ಐದನೇ ಸೀಸನ್ನಿನಲ್ಲಿ, ವಿಚ್ಛೇದನದ ನಂತರ, ಅವಳು ವಿಯೆಟ್ನಾಂಗೆ ಹೋಗುವ ಕಂತು ಬರುತ್ತದೆ. ಅಲ್ಲಿ ಅವಳಿಗೆ ಭಾಷೆ ಬಾರದು. ಊರಿನವರಿಗೆ ಅವಳು ಪರದೇಶದವಳು. ಅಮೆರಿಕದಿಂದ ಬಂದ ಒಬ್ಬನಿಗೆ ಅವಳು ಇಂಗ್ಲಿಷ್ ಬಾರದ ಸ್ಥಳೀಯಳಂತೆ ಕಾಣುತ್ತಾಳೆ. ಎರಡು ಕಡೆಯಿಂದಲೂ ಹೊರಗಿನವಳು. ಬೇರುಗಳ ಊರಿಗೆ ಹೋದ ಕೂಡಲೇ ಒಳಗಿನ ಖಾಲಿ ತುಂಬುತ್ತದೆ ಎಂಬ ಭರವಸೆಯನ್ನು ಆ ಕಂತು ಕೊಡುವುದಿಲ್ಲ. ತಡವಾಗಿ ಬಂದರೂ ಸರಿಯಾಗಿ ಬಂದ ಕಂತು.

ಈಗ ನಾನು ಮುಖ್ಯವಾಗಿ ಹೇಳಬೇಕೆಂದು ಬಂದ ಭಾಗಕ್ಕೆ ಬರುತ್ತೇನೆ. ಆರನೇ ಸೀಸನ್ನಿನ ಹತ್ತನೇ ಕಂತು, ‘ಗುಡ್ ಡ್ಯಾಮೇಜ್’. ಹಾನಿ, ಆದರೆ ಒಳ್ಳೆಯ ಹಾನಿ.

ಇಷ್ಟರಲ್ಲಿ ಡಯಾನ್ ಷಿಕಾಗೋದಲ್ಲಿದ್ದಾಳೆ. ಗೈ ಎಂಬ ಕಾಡೆಮ್ಮೆಯ ಜೊತೆ, ಅಂದರೆ ಅಮೆರಿಕದ ಬೈಸನ್. ಅವನು ಕ್ಯಾಮೆರಾಮನ್, ನಿಧಾನದ ಮನುಷ್ಯ ಅನ್ನಬಹುದಾದರೆ ಮನುಷ್ಯ. ಅವಳು ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳಲು ಶುರುಮಾಡಿದ್ದಾಳೆ. ತೂಕ ಹೆಚ್ಚಿದೆ. ಮುಖ ದುಂಡಗಾಗಿದೆ. ಸರಣಿ ಇದನ್ನು ನಗೆಯ ವಸ್ತು ಮಾಡುವುದಿಲ್ಲ, ಕೊನೆಗೆ ‘ಸರಿಪಡಿಸುವುದೂ’ ಇಲ್ಲ. ಕೊನೆಯ ಕಂತಿನವರೆಗೂ ಅವಳ ದೇಹ ಹಾಗೇ ಇರುತ್ತದೆ. ಅನಿಮೇಷನ್‌ನಲ್ಲಿ ಇದು ಸಣ್ಣ ಮಾತಲ್ಲ. ಇಲ್ಲಿ ನಟಿಯ ತೂಕ ತಾನಾಗಿ ಹೆಚ್ಚುವುದಿಲ್ಲ, ಯಾರೋ ಕೂತು ಪಾತ್ರದ ಚಿತ್ರವನ್ನೇ ಹೊಸದಾಗಿ ಬರೆಯಬೇಕು, ಪ್ರತಿ ಭಂಗಿಯನ್ನೂ ಮತ್ತೆ ಮಾಡಬೇಕು. ಅಷ್ಟು ಕೆಲಸ ಹಿಡಿದಾದರೂ ಈ ಬದಲಾವಣೆ ಇರಲಿ ಎಂದು ಅವರು ತೀರ್ಮಾನಿಸಿದರಲ್ಲ, ಅದಕ್ಕೆ ನನ್ನ ಗೌರವವಿದೆ.

ಅವಳು ಈಗ ತನ್ನದೇ ಪುಸ್ತಕ ಬರೆಯಬೇಕು. ಬಾಲ್ಯದ ನೋವಿನ ಪುಸ್ತಕ. ಇಡೀ ಜೀವನ ಕಾದಿದ್ದ ಪುಸ್ತಕ. ಅದು ಬರುತ್ತಿಲ್ಲ.

ಈ ಬಾರದಿರುವುದನ್ನು ಹೇಗೆ ತೋರಿಸಿದ್ದಾರೆ ನೋಡಿ. ಅವಳು ಬರೆಯಲು ಕೂತ ತಕ್ಷಣ ಸರಣಿಯ ಬಣ್ಣ ತುಂಬಿದ, ಅಂಚು ನೇರವಾದ ಚಿತ್ರ ಮಾಯವಾಗುತ್ತದೆ. ಬಿಳಿ ಹಾಳೆಯ ಮೇಲೆ ಕಪ್ಪು ಗೀಚು. ಮುಖ ಒಂದು ಕ್ಷಣ ಮೂಡುತ್ತದೆ, ಪೂರ್ತಿಯಾಗುವ ಮೊದಲೇ ಕೈ ಅದನ್ನು ಹೊಡೆದುಹಾಕುತ್ತದೆ. ಹಿಂದೆ ಅವಳದೇ ದನಿ: ಒಂದು ವಾಕ್ಯ ಶುರು ಮಾಡುತ್ತದೆ, ಅರ್ಧಕ್ಕೆ ಬಿಡುತ್ತದೆ, ತಿರುಗಿ ಶುರು ಮಾಡುತ್ತದೆ, ತನ್ನನ್ನೇ ಬೈದುಕೊಳ್ಳುತ್ತದೆ. ಅಪ್ಪ, ಅಮ್ಮ, ಶಾಲೆ ಎಲ್ಲ ಬಂದು ಒಂದರ ಮೇಲೊಂದು ಬಿದ್ದು ಮಸಿಯ ಮುದ್ದೆಯಾಗುತ್ತವೆ. ಬರೆಯಲು ಕೂತು ಬಾರದೆ ಒದ್ದಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಾನು ಆ ಕಂತನ್ನು ಮೊದಲ ಸಲ ನೋಡುವಾಗ ನಡುವೆ ನಿಲ್ಲಿಸಿ ಎದ್ದು ಓಡಾಡಿ ಬಂದೆ. ನನ್ನ ನೋಟುಪುಸ್ತಕದ ಒಳಗನ್ನು ಯಾರೋ ತೆರೆದು ತೋರಿಸಿದ ಹಾಗಿತ್ತು.

ಅದೇ ಹೊತ್ತಿನಲ್ಲಿ ಇನ್ನೊಂದು ಕಥೆ ತಾನಾಗಿ ಬರುತ್ತಿರುತ್ತದೆ. ಮಾಲ್‌ನಲ್ಲಿ ತಿಂಡಿ ಅಂಗಡಿಗಳ ಅಂಗಳದಲ್ಲಿ ಕೆಲಸ ಮಾಡುತ್ತಾ ರಹಸ್ಯಗಳನ್ನು ಭೇದಿಸುವ ಒಬ್ಬ ಹುಡುಗಿ, ಐವಿ ಟ್ರ್ಯಾನ್. ಅವಳು ಬಂದಾಗೆಲ್ಲ ಹಾಳೆಗೆ ಬಣ್ಣ ಬರುತ್ತದೆ, ಗೆರೆ ಹದಕ್ಕೆ ಬರುತ್ತದೆ, ವಾಕ್ಯಗಳು ಮುಗಿಯುತ್ತವೆ. ಡಯಾನ್ ಅವಳನ್ನು ಓಡಿಸುತ್ತಾಳೆ. ಇದು ಸಮಯ ಹಾಳು, ನಿಜವಾದ ಕೆಲಸ ಆ ಗೀಚಿನಲ್ಲಿದೆ ಎಂದು ಅವಳ ನಂಬಿಕೆ. ಸಲೀಸಾಗಿ ಬಂದದ್ದು ಹಗುರ, ರಕ್ತ ಬಸಿದು ಬಂದದ್ದೇ ಸಾಹಿತ್ಯ ಎಂಬ ನಂಬಿಕೆ. ಇದನ್ನು ನಮಗೂ ಯಾರೋ ಹೇಳಿಕೊಟ್ಟಿದ್ದಾರೆ, ನಾವೂ ಇತರರಿಗೆ ಹೇಳಿಕೊಟ್ಟಿದ್ದೇವೆ.

ಮಾತ್ರೆಗಳು ತನ್ನ ಬರವಣಿಗೆಯನ್ನು ಮಂಕು ಮಾಡಿವೆ ಎಂದುಕೊಂಡು ಅವಳು ನಿಲ್ಲಿಸಿಬಿಡುತ್ತಾಳೆ. ಆಮೇಲೆ ಆಗುವುದು ಘೋರ. ಪುಸ್ತಕವಂತೂ ಬರುವುದಿಲ್ಲ, ಹಾಸಿಗೆಯಿಂದ ಏಳುವುದೂ ಕಷ್ಟವಾಗುತ್ತದೆ. ಸಭೆಯಲ್ಲಿ ಒಬ್ಬರು ಕೇಳಿದರು: ಔಷಧಿ ಕಲಾವಿದರನ್ನು ಸಪ್ಪೆ ಮಾಡುವುದಿಲ್ಲವೇ? ನಾನು ವೈದ್ಯನಲ್ಲ. ಆದರೆ ಈ ಕಂತು ತೋರಿಸುವುದು ನನಗೆ ಸತ್ಯವೆಂದು ಕಾಣುತ್ತದೆ. ಡಯಾನ್‌ಗೆ ಹೊಸ ಕಥೆ ಹುಟ್ಟಿದ್ದು ಮನಸ್ಸಿಗೆ ಸ್ವಲ್ಪ ನೆಮ್ಮದಿ ಸಿಕ್ಕಿದ್ದ ದಿನಗಳಲ್ಲಿ. ಮಾತ್ರೆ ಬಿಟ್ಟಾಗ ಅವಳೊಳಗಿನಿಂದ ಹೊರಬಂದದ್ದು ಆ ಗೀಚು ಮಾತ್ರ. ಇನ್ನೊಂದು ಮಾತು: ಯಾರೇ ಆಗಲಿ ಇಂಥ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಏಕಾಏಕಿ ನಿಲ್ಲಿಸಬಾರದು. ಇದನ್ನು ಸಭೆಯಲ್ಲೂ ಒತ್ತಿ ಹೇಳಿದೆ, ಇಲ್ಲೂ ಬರೆಯುತ್ತಿದ್ದೇನೆ.

ಐವಿಯ ಹಾಳೆಗಳು ಪ್ರಿನ್ಸೆಸ್ ಕ್ಯಾರೊಲಿನ್‌ಳ ಕೈಗೆ ಹೋಗುತ್ತವೆ. ಡಯಾನ್‌ಳ ಏಜೆಂಟ್ ಈ ಬೆಕ್ಕು. ದಣಿವರಿಯದೆ ದುಡಿಯುವ ಹೆಣ್ಣು, ಈಚೆಗೆ ಒಂದು ಮಗುವನ್ನು ದತ್ತು ತೆಗೆದುಕೊಂಡವಳು. ಅವಳಿಗೆ ಆ ಕಥೆ ಬಹಳ ಇಷ್ಟವಾಗುತ್ತದೆ. ಇದನ್ನೇ ಬರಿ ಅನ್ನುತ್ತಾಳೆ. ಆಗ ಡಯಾನ್ ಒಡೆದುಹೋಗುತ್ತಾಳೆ. ಅವಳ ಮಾತಿನ ಸಾರ ಇಷ್ಟು: ನಾನು ನನ್ನ ಪುಸ್ತಕ ಬರೆಯದಿದ್ದರೆ ನನಗಾದ ಹಾನಿ ಒಳ್ಳೆಯ ಹಾನಿ ಆಗುವುದಿಲ್ಲ, ಬರೀ ಹಾನಿ ಆಗುತ್ತದೆ. ಅದರಿಂದ ನನಗೆ ಏನೂ ದಕ್ಕಲಿಲ್ಲ ಎಂದಾಗುತ್ತದೆ. ಅಷ್ಟು ವರ್ಷ ದುಃಖಪಟ್ಟದ್ದು ಸುಮ್ಮಸುಮ್ಮನೆ ಎಂದಾಗುತ್ತದೆ. ಹಾಗಿದ್ದರೆ ಮೊದಲಿನಿಂದಲೂ ಖುಷಿಯಾಗಿದ್ದುಕೊಂಡೇ ಪತ್ತೇದಾರಿ ಹುಡುಗಿಯ ಕಥೆ ಬರೆಯಬಹುದಿತ್ತೇ? ಮತ್ತೆ ಅದೆಲ್ಲ ಯಾತಕ್ಕೆ ಆಯಿತು?

ಮತ್ತೆ ಅದೆಲ್ಲ ಯಾತಕ್ಕೆ ಆಯಿತು. ಈ ಪ್ರಶ್ನೆಗೆ ಸರಣಿ ಉತ್ತರ ಕೊಡುವುದಿಲ್ಲ, ಕೊಡಲು ಹೋಗುವುದೂ ಇಲ್ಲ. ಒಡೆದ ಪಾತ್ರೆಯ ಬಿರುಕಿಗೆ ಚಿನ್ನ ತುಂಬಿ ಜೋಡಿಸುವ ಜಪಾನೀ ಕಲೆಯ ಬಗ್ಗೆ ನೀವೆಲ್ಲ ಕೇಳಿರುತ್ತೀರಿ. ಗಾಯದ ಬಗ್ಗೆ ಮಾತಾಡುವವರೆಲ್ಲ ಈಗ ಅದನ್ನು ಹೇಳುತ್ತಾರೆ. ಸುಂದರವಾದ ಕಲೆಯೇ. ಆದರೆ ಒಡೆದ ಪ್ರತಿಯೊಂದು ಪಾತ್ರೆಯೂ ಚಿನ್ನ ತುಂಬಿಸಿಕೊಂಡು ಮೊದಲಿಗಿಂತ ಚೆಲುವಾಗಿ ಎದ್ದು ನಿಲ್ಲಲೇಬೇಕು ಎಂದು ಕಾಯುತ್ತಾ ಕೂತರೆ, ಅದು ಒಡೆದವರ ಮೇಲೆ ಹೇರುವ ಇನ್ನೊಂದು ಹೊರೆ. ಆ ಹೊರೆಯನ್ನು ಡಯಾನ್ ತಾನೇ ತನ್ನ ಮೇಲೆ ಹೇರಿಕೊಂಡಿದ್ದಳು, ಎಂಟು ಹತ್ತು ವರ್ಷದವಳಾಗಿದ್ದಾಗಿನಿಂದ. ತನ್ನಂಥ ಒಂಟಿ ಹುಡುಗಿಯರು ಓದಿ, ತಾವೊಬ್ಬರೇ ಅಲ್ಲ ಎಂದುಕೊಳ್ಳುವ ಪುಸ್ತಕ ಬರೆಯುತ್ತೇನೆ ಎಂದು ಅವಳು ಆಗ ನಿಶ್ಚಯಿಸಿದ್ದಳಂತೆ. ಐವಿಯ ಪುಸ್ತಕವೇ ಆ ಕೆಲಸ ಮಾಡಬಹುದಲ್ಲ ಎಂಬ ದಾರಿ ಅವಳಿಗೆ ಅಲ್ಲಿ ತೆರೆಯುತ್ತದೆ. ಗಾಯ ತೋರಿಸದೆಯೂ ಜೊತೆ ಕೊಡಬಹುದು.

ಅವಳು ಐವಿಯನ್ನು ಬರೆಯುತ್ತಾಳೆ. ಮಾತ್ರೆಗೆ ಮರಳುತ್ತಾಳೆ. ನನ್ನ ದೃಷ್ಟಿಯಲ್ಲಿ ಅವಳ ಬೆಳವಣಿಗೆ ಇದು, ಮತ್ತು ಇದನ್ನು ಬಿಟ್ಟುಕೊಡುವಿಕೆ ಎಂದು ಕರೆಯುವವರ ಜೊತೆ ನಾನು ಜಗಳವಾಡುತ್ತೇನೆ. ಅವಳು ಸೋತು ಹಗುರವಾದ ಪುಸ್ತಕಕ್ಕೆ ಇಳಿದಳು ಎಂದು ಕೆಲವರು ಹೇಳುತ್ತಾರೆ. ಅವಳು ತೀರಿಸುತ್ತಲೇ ಬಂದ ಸಾಲದ ಪತ್ರವನ್ನು ಹರಿದಳು ಎಂದು ನಾನು ಹೇಳುತ್ತೇನೆ. ಪಾಡು ಪಾಡಾಗಿಯೇ ಉಳಿಯಿತು. ಹಾಡು ಬೇರೆ ಕಡೆಯಿಂದ ಬಂತು. ಎರಡಕ್ಕೂ ಋಣ ಇರಬೇಕಾಗಿರಲಿಲ್ಲ.

ಕೊನೆಯ ಕಂತಿನ ಬಗ್ಗೆ ಹೇಳಿ ನಿಲ್ಲಿಸುತ್ತೇನೆ. ಪ್ರಿನ್ಸೆಸ್ ಕ್ಯಾರೊಲಿನ್‌ಳ ಮದುವೆ. ಬೋಜ್ಯಾಕ್ ಜೈಲಿನಲ್ಲಿದ್ದಾನೆ, ಮದುವೆಗೆಂದು ಹೊರಬಂದಿದ್ದಾನೆ. ಅವನೂ ಡಯಾನ್‌ಳೂ ಮಾಡಿನ ಮೇಲೆ ಕೂತಿದ್ದಾರೆ. ಎಷ್ಟೋ ತಿಂಗಳ ಹಿಂದೆ ಒಂದು ರಾತ್ರಿ ಬೋಜ್ಯಾಕ್ ಅವಳ ಫೋನಿಗೆ ಒಂದು ಸಂದೇಶ ಬಿಟ್ಟಿದ್ದ. ನೀನು ಬಾರದಿದ್ದರೆ ನಾನು ನೀರಿಗಿಳಿಯುತ್ತೇನೆ ಅನ್ನುವ ಅರ್ಥದ್ದು. ದೂರದ ಊರಲ್ಲಿದ್ದ ಅವಳು ಅವನು ಸತ್ತನೆಂದೇ ಗಂಟೆಗಟ್ಟಲೆ ನಂಬಿದ್ದಳು. ಈಗ ಅದನ್ನು ಅವನ ಮುಖ ನೋಡಿ ಹೇಳುತ್ತಾಳೆ. ತಾನು ಎಷ್ಟು ಹೆದರಿದೆ, ಆಮೇಲೆ ಎಷ್ಟು ಸಿಟ್ಟು ಬಂತು, ಅವನನ್ನು ಉಳಿಸುವುದು ತನ್ನ ಕೆಲಸ ಎಂದು ಎಷ್ಟು ಕಾಲ ಅಂದುಕೊಂಡಿದ್ದೆ. ಗೈ ಜೊತೆ ಹ್ಯೂಸ್ಟನ್‌ಗೆ ಹೋಗುವುದನ್ನೇ ಬಿಟ್ಟುಬಿಡೋಣವೇ ಎಂದೂ ಆಗ ಅನ್ನಿಸಿತ್ತಂತೆ. ಹೋದಳು. ಮದುವೆಯಾಗಿದ್ದಾಳೆ. ಅವನಿಗೆ ಗೊತ್ತೇ ಇರಲಿಲ್ಲ.

ಮೊದಲ ಸೀಸನ್ನಿನಲ್ಲಿ ಅವನು ಕೇಳಿದ ಪ್ರಶ್ನೆಗೆ ಬಾಯಿ ಕಟ್ಟಿ ನಿಂತಿದ್ದವಳು ಇವಳೇ. ಇಲ್ಲಿ ಅವಳು ಸಲೀಸಾಗಿ ಮಾತಾಡುತ್ತಾಳೆ, ವಾಕ್ಯಗಳು ಅರ್ಧಕ್ಕೆ ನಿಲ್ಲುವುದಿಲ್ಲ. ನಾವು ಈಗ ಏನಾಗಿದ್ದೇವೋ ಹಾಗಾಗಲು ನೆರವಾದವರಿರುತ್ತಾರೆ, ಅವರು ಬದುಕಿನಲ್ಲಿ ಕೊನೆಯವರೆಗೆ ಇರಬೇಕಾದವರಲ್ಲದಿದ್ದರೂ ಅವರಿಗೆ ಕೃತಜ್ಞರಾಗಿರಬಹುದು ಎಂಬ ಅರ್ಥದ ಮಾತು ಹೇಳುತ್ತಾಳೆ. ಅವನನ್ನು ಇನ್ನು ಮುಂದೆ ನೋಡುವುದಿಲ್ಲ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಅವನಿಗೆ ಗೊತ್ತಾಗುತ್ತದೆ. ಅವನು ಮಾತು ಮುಂದುವರಿಸಲು ಏನೋ ಒಂದು ಕಥೆ ತೆಗೆಯುತ್ತಾನೆ, ಅದೂ ಮುಗಿಯುತ್ತದೆ.

ಆಮೇಲೆ ಇಬ್ಬರೂ ಸುಮ್ಮನೆ ಕೂರುತ್ತಾರೆ. ರಾತ್ರಿಯ ಆಕಾಶ. ಅವನು ಅವಳ ಕಡೆ ನೋಡುತ್ತಾನೆ, ಕಣ್ಣು ತೆಗೆಯುತ್ತಾನೆ. ಅವಳು ಅವನ ಕಡೆ ನೋಡುತ್ತಾಳೆ, ಕಣ್ಣು ತೆಗೆಯುತ್ತಾಳೆ. ಚಿತ್ರ ಕದಲುವುದೇ ಇಲ್ಲ ಅನ್ನಿಸುವಷ್ಟು ಹೊತ್ತು ಹಾಗೇ ಬಿಟ್ಟಿದ್ದಾರೆ. ಗೀಚು ಇಲ್ಲ, ಹಿಂದೆ ದನಿ ಇಲ್ಲ. ಹಾಡೊಂದು ಶುರುವಾಗುತ್ತದೆ, ಅವಳು ಮೇಲೆ ನೋಡುತ್ತಾಳೆ.